ಪಕ್ಕದ ಜಮೀನಿನ ಭೂ ಉಪಯೋಗ ಬದಲಾದರೆ ನಿಮಗೆ ಯಾರೂ ಬಂದು ಹೇಳುವುದಿಲ್ಲ

ಸೈಟ್ ತೆಗೆದುಕೊಳ್ಳುವಾಗ ಪತ್ರ ನೋಡಬೇಕು ಅನ್ನುವುದು ಈಗ ಎಲ್ಲರಿಗೂ ಗೊತ್ತು. ತೆಗೆದುಕೊಂಡು ಮನೆ ಕಟ್ಟಿದ ಮೇಲೂ ನೋಡುತ್ತಿರಬೇಕು, ಅದೂ ನಿಮ್ಮದಲ್ಲ, ಪಕ್ಕದ ಜಮೀನಿನ ವಿಚಾರ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಬಡಾವಣೆಯಲ್ಲಿ ಆಗಿದ್ದು ಬೇರೆ ಕಡೆ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ನಿಮ್ಮ ಬಡಾವಣೆಯ ಗ್ರೂಪಿಗೂ ಕಳಿಸಿ.

ನಾವು ಸೈಟ್ ತೆಗೆದುಕೊಂಡಾಗ ಎಲ್ಲವೂ ಸರಿಯಾಗಿತ್ತು. ಡಿಸಿ ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಅನುಮತಿ, ಆಗಿತ್ತು. ಯೋಜನಾ ಪ್ರಾಧಿಕಾರದ ಅನುಮೋದಿತ ಲೇಔಟ್ ನಕ್ಷೆ ಇತ್ತು. ಖಾತೆ, ಇ.ಸಿ. (ಋಣಭಾರ ಪ್ರಮಾಣಪತ್ರ) ಎಲ್ಲವನ್ನೂ ವಕೀಲರು ನೋಡಿ ಸರಿ ಇದೆ ಅಂದಿದ್ದರು. ಅಷ್ಟೇ ಅಲ್ಲ, ಪ್ರಾಧಿಕಾರದ ಕಚೇರಿಗೆ ಹೋಗಿ ಮಾಸ್ಟರ್ ಪ್ಲಾನ್ ನಕ್ಷೆಯನ್ನೂ ನೋಡಿದ್ದೆವು. ಊರಿನ ಯಾವ ಜಾಗ ಯಾವ ಉಪಯೋಗಕ್ಕೆ ಅಂತ ಬಣ್ಣಗಳಲ್ಲಿ ತೋರಿಸುವ ನಕ್ಷೆ ಅದು. ನಮ್ಮ ಬಡಾವಣೆ ಹಳದಿ, ಅದರ ಹಿಂದಿನ ಹೊಲವೂ ಹಳದಿ. ಹಳದಿ ಅಂದರೆ ವಸತಿ. ಮುಂದೆ ಅಲ್ಲಿ ಏನು ಬಂದರೂ ಮನೆಗಳೇ ಬರುತ್ತವೆ ಅಂತ ನಂಬಿ ಹಣ ಹಾಕಿದೆವು. ಸರ್ಕಾರವೇ ಒಪ್ಪಿ ಸೀಲು ಹಾಕಿದ ನಕ್ಷೆಯನ್ನು ನಂಬದೆ ಇನ್ನೇನನ್ನು ನಂಬೋದು?

ಈಗ ಆ ಹೊಲದಲ್ಲಿ ದೊಡ್ಡ ಗೋದಾಮು ನಿಂತಿದೆ. ಲಾರಿಗಳು ನಮ್ಮ ರಸ್ತೆಯಲ್ಲೇ ಓಡಾಡುತ್ತವೆ. ರಾತ್ರಿ ರಿವರ್ಸ್ ತೆಗೆಯುವಾಗ ಹಾರ್ನ್ ಕೂಗುತ್ತಲೇ ಇರುತ್ತದೆ, ಮಲಗಿದ ಮಕ್ಕಳು ಎದ್ದು ಅಳುತ್ತವೆ. ಲಾರಿ ಭಾರಕ್ಕೆ ಚರಂಡಿಯ ಚಪ್ಪಡಿಗಳು ಮುರಿದಿವೆ. ವಯಸ್ಸಾದವರು ಸಂಜೆ ವಾಕಿಂಗ್ ಹೋಗುವುದನ್ನೇ ಬಿಟ್ಟಿದ್ದಾರೆ. ಬೇಸರದ ಸಂಗತಿ ಅಂದರೆ ಇದು ಕದ್ದುಮುಚ್ಚಿ ಕಟ್ಟಿದ ಕಟ್ಟಡ ಅಲ್ಲ. ಕಾಗದದ ಮೇಲೆ ಎಲ್ಲ ಅನುಮತಿಯೂ ಇದೆ.

ಹೇಗೆ ಅಂತ ಹೇಳುತ್ತೇನೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಲ್ಲಿ ಕಲಂ 14ಎ ಅಂತ ಒಂದಿದೆ. ಮಾಸ್ಟರ್ ಪ್ಲಾನ್ ಜಾರಿಗೆ ಬಂದ ಮೇಲೂ ಒಂದು ಜಮೀನಿನ ಉಪಯೋಗವನ್ನು ಬದಲಾಯಿಸಲು ಅದರಲ್ಲಿ ದಾರಿ ಇದೆ. ಹಸಿರನ್ನು ಹಳದಿ ಮಾಡಬಹುದು, ಹಳದಿಯನ್ನು ನೇರಳೆ ಮಾಡಬಹುದು. ಹಸಿರು ಅಂದರೆ ಕೃಷಿ, ನೇರಳೆ ಅಂದರೆ ಕೈಗಾರಿಕೆ. ಕಾಯ್ದೆ ಇದಕ್ಕೆ ಕಾವಲನ್ನೂ ಇಟ್ಟಿದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಆ ಪ್ರದೇಶದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ರಾಜ್ಯ ಸರ್ಕಾರದ ಪೂರ್ವಾನುಮೋದನೆ ಬೇಕು. ಓದಿದರೆ ಬಿಗಿಯಾಗಿದೆ ಅನ್ನಿಸುತ್ತದೆ ಅಲ್ವಾ? ನಮಗೂ ಹಾಗೇ ಅನ್ನಿಸಿತ್ತು.

ಡಿಸಿ ಕನ್ವರ್ಷನ್ ಇದರಿಂದ ಬೇರೆ. ಅದು ಭೂ ಕಂದಾಯ ಕಾಯ್ದೆ 1964ರ ಕಲಂ 95ರ ಕೆಳಗೆ ಜಿಲ್ಲಾಧಿಕಾರಿ ಕಡೆಯಿಂದ ಆಗುತ್ತದೆ. ಎರಡನ್ನೂ ಒಂದೇ ಅಂದುಕೊಂಡವರು ಬಹಳ ಜನ ಇದ್ದಾರೆ. ನಮ್ಮ ಕೇಸಿನಲ್ಲಿ ಅನಾಹುತ ಆಗಿದ್ದು 14ಎ ದಾರಿಯಲ್ಲಿ.

ನೋಟಿಸ್ ಪತ್ರಿಕೆಯಲ್ಲಿ ಬಂದಿತ್ತು, ಇಲ್ಲ ಅನ್ನುವಂತಿಲ್ಲ. ಆಮೇಲೆ ಹುಡುಕಿ ಆ ಪುಟ ತೆಗೆದು ನೋಡಿದೆ. ಟೆಂಡರ್ ಪ್ರಕಟಣೆ, ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿಗಳ ಮಧ್ಯೆ ಬೆರಳಗಲದ ಒಂದು ಚೌಕ. ಅದರೊಳಗೆ ಹೋಬಳಿ, ಗ್ರಾಮದ ಹಳೆಯ ಹೆಸರು, ಸರ್ವೆ ನಂಬರು, ಎಕರೆ ಗುಂಟೆ, 'ವಸತಿಯಿಂದ ಕೈಗಾರಿಕೆ', ಆಕ್ಷೇಪಣೆ ಇದ್ದಲ್ಲಿ 15 ದಿನದೊಳಗೆ ಸಲ್ಲಿಸುವುದು. ಅಷ್ಟೇ. ನಮ್ಮ ಬಡಾವಣೆಯ ಹೆಸರಿಲ್ಲ, ರಸ್ತೆಯ ಹೆಸರಿಲ್ಲ. ನಮ್ಮಲ್ಲಿ ಆ ಪತ್ರಿಕೆ ತರಿಸುವವರು ಇದ್ದಾರೆ. ಆವತ್ತು ಆ ಚೌಕವನ್ನು ಯಾರಾದರೂ ಓದಿದ್ದರೂ ಅದು ತಮ್ಮ ಹಿತ್ತಲ ಗೋಡೆಯ ಆಚೆಯ ಜಮೀನು ಅಂತ ಗೊತ್ತಾಗುವ ದಾರಿ ಇರಲಿಲ್ಲ. ಸೈಟ್ ನಂಬರಿನಲ್ಲಿ ಬದುಕುವವರಿಗೆ ಸರ್ವೆ ನಂಬರು ಎಲ್ಲಿ ನೆನಪಿರುತ್ತದೆ?

ಅಡಿಪಾಯ ಅಗೆಯಲು ಶುರು ಮಾಡಿದಾಗಲೇ ನಮಗೆ ಗೊತ್ತಾಗಿದ್ದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪೂರ್ತಿ ಕಡತದ ನಕಲು ತರಿಸಿದೆವು. ಅದನ್ನು ಓದಿದಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಸ್ಥಳ ತನಿಖಾ ವರದಿಯಲ್ಲಿ 'ಸುತ್ತಮುತ್ತ ಖಾಲಿ ಜಮೀನು ಇರುತ್ತದೆ' ಅಂತ ಬರೆದಿದ್ದರು. ಆ ಹೊಲದ ಒಂದು ಬದಿಯುದ್ದಕ್ಕೂ ನಮ್ಮ ಮನೆಗಳ ಹಿತ್ತಲ ಗೋಡೆ ಇದೆ! ಲಗತ್ತಿಸಿದ ಫೋಟೋಗಳನ್ನು ನಮ್ಮ ಕಡೆಗೆ ಬೆನ್ನು ಮಾಡಿಯೇ ತೆಗೆದಿದ್ದರು. ಒಂದರಲ್ಲೂ ಮನೆ ಕಾಣುವುದಿಲ್ಲ. ಸಂಪರ್ಕ ರಸ್ತೆ 12 ಮೀಟರ್ ಅಂತ ಇತ್ತು. ಅಲ್ಲಿಗೆ ಹೋಗುವ ಒಂದೇ ದಾರಿ ನಮ್ಮ ಬಡಾವಣೆಯ 9 ಮೀಟರ್ ರಸ್ತೆ. ಅದೇ ಪ್ರಾಧಿಕಾರ ಅನುಮೋದಿಸಿದ ನಮ್ಮ ಲೇಔಟ್ ನಕ್ಷೆಯಲ್ಲೇ 9 ಮೀಟರ್ ಅಂತ ಬರೆದಿದೆ. ಎರಡೂ ಕಾಗದ ಒಂದೇ ಕಚೇರಿಯಲ್ಲಿವೆ. ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇಲ್ಲ. ಕೊನೆಗೆ ಟಿಪ್ಪಣಿ ಹಾಳೆಯಲ್ಲಿ ಒಂದು ಸಾಲು: 'ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ.'

ಆ ಸಾಲೇ ಎಲ್ಲವನ್ನೂ ಮುಗಿಸಿತು. ಅದರ ಮೇಲೆ ಪ್ರಾಧಿಕಾರದ ಸಭೆ ಶಿಫಾರಸು ಮಾಡಿತು. ಶಿಫಾರಸಿನ ಮೇಲೆ ಬೆಂಗಳೂರಿನಲ್ಲಿ ಅನುಮೋದನೆ ಸಿಕ್ಕಿತು. ಮೇಲಿನವರು ಪರಿಶೀಲನೆ ಮಾಡುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಅವರ ಮುಂದೆ ಬರುವುದು ಕಡತ ಮಾತ್ರ. ಕಡತದಲ್ಲಿ ಮನೆ ಇಲ್ಲ ಅಂದರೆ ಅವರ ಪಾಲಿಗೆ ಮನೆ ಇಲ್ಲ. ಯಾರೂ ಆಕ್ಷೇಪಿಸಿಲ್ಲ ಅಂದರೆ ಎಲ್ಲರೂ ಒಪ್ಪಿದಂತೆಯೇ.

ಆಮೇಲೆ ನಮ್ಮ ಅಲೆದಾಟ ಶುರುವಾಯಿತು. ಸ್ಥಳೀಯ ಕಚೇರಿಯಲ್ಲಿ ಕೇಳಿದರೆ, 'ಸರ್, ಸರ್ಕಾರದಿಂದಲೇ ಅನುಮೋದನೆ ಆಗಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ' ಅಂದರು. ಬೆಂಗಳೂರಿಗೆ ಹೋದರೆ, 'ಪ್ರಾಧಿಕಾರದ ಶಿಫಾರಸಿನಂತೆ ಮಾಡಿದ್ದೇವೆ, ಸ್ಥಳದ ವಿಚಾರ ಅವರಿಗೇ ಗೊತ್ತು, ಅಲ್ಲೇ ಕೇಳಿ' ಅಂದರು. ಸ್ಥಳ ನೋಡಿದವರಿಗೆ ಅಧಿಕಾರ ಇಲ್ಲ, ಅಧಿಕಾರ ಇರುವವರು ಸ್ಥಳ ನೋಡಿಲ್ಲ. ಇಬ್ಬರ ಮಧ್ಯೆ ನಾವು. ಒಬ್ಬ ಸಿಬ್ಬಂದಿ ಮಾತ್ರ ಮರುಕದಿಂದ ಹೇಳಿದರು: 'ಆ 15 ದಿನದಲ್ಲಿ ಒಂದೇ ಒಂದು ಅರ್ಜಿ ಬಂದಿದ್ದರೂ ನಾವು ಅದಕ್ಕೆ ಉತ್ತರ ಬರೆದೇ ಕಳಿಸಬೇಕಿತ್ತು ಅಮ್ಮಾ.' ಆ ಮಾತು ನನಗೆ ಬಹಳ ಚುಚ್ಚಿತು. ನಮ್ಮದು ಈಗ ಹೈಕೋರ್ಟಿನಲ್ಲಿದೆ. ಕಟ್ಟಡ ಎದ್ದು ನಿಂತ ಮೇಲೆ ಕೋರ್ಟಿಗೆ ಹೋಗುವುದು ಎಷ್ಟು ಖರ್ಚಿನ, ಎಷ್ಟು ನಿಧಾನದ ಕೆಲಸ ಅಂತ ಅನುಭವಿಸಿದವರಿಗೇ ಗೊತ್ತು.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕ್‌ಗೆ ಅಂತ ಬಿಟ್ಟಿದ್ದ ಜಾಗವನ್ನು ಮುಖ್ಯಮಂತ್ರಿಯವರ ಸೂಚನೆ ಮೇರೆಗೆ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟ್‌ಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಯೋಜನೆಯಲ್ಲಿ ಪಾರ್ಕ್ ಅಂತ ಇಟ್ಟ ಜಾಗವನ್ನು ಹಾಗೆ ಮನಬಂದಂತೆ ಕೊಡಲು ಬರುವುದಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸ ಮಾಡುವವರಿಗೆ ಇದೆ ಅಂತ. ನಮ್ಮ ವಕೀಲರು ಮೊದಲ ದಿನವೇ ಈ ತೀರ್ಪಿನ ನಕಲು ಕೈಗೆ ಕೊಟ್ಟರು. ಅದನ್ನು ಓದಿದ ಮೇಲೆಯೇ ನಮಗೆ ಸ್ವಲ್ಪ ಧೈರ್ಯ ಬಂದಿದ್ದು.

ಈ ಬಿಡಿಬಿಡಿ ಬದಲಾವಣೆಗಳು ಇಷ್ಟು ಜಾಸ್ತಿ ಯಾಕೆ ಆಗುತ್ತವೆ ಅಂತ ಯೋಚಿಸಿದ್ದೇನೆ. ಮಾಸ್ಟರ್ ಪ್ಲಾನನ್ನು 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಕಾಯ್ದೆಯಲ್ಲಿದೆ. ಬೆಂಗಳೂರನ್ನೇ ನೋಡಿ. 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015' ಜಾರಿಗೆ ಬಂದಿದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಬಂತು, ಆಮೇಲೆ ಅದನ್ನು ಸರ್ಕಾರ ವಾಪಸ್ ತೆಗೆದುಕೊಂಡಿತು. ಊರು ಬೆಳೆಯುತ್ತದೆ, ನಕ್ಷೆ ಹಳೆಯದೇ ಇರುತ್ತದೆ. ಆಗ ಪ್ರತಿಯೊಬ್ಬರೂ ತಮ್ಮ ತಮ್ಮ ತುಂಡಿಗೆ ಬದಲಾವಣೆ ಕೇಳಿಕೊಂಡು ಹೋಗುತ್ತಾರೆ. ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ. ಪೂರ್ತಿ ಊರು ಹೇಗಿರಬೇಕು ಅಂತ ಯಾರೂ ಕೂತು ನೋಡುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. 'ಮುಂದೆ ಪಾರ್ಕ್ ಬರುತ್ತೆ' ಅಂತ ಮಾಸ್ಟರ್ ಪ್ಲಾನ್ ತೋರಿಸಿ ಸೈಟಿಗೆ ಜಾಸ್ತಿ ಹಣ ಕೇಳುತ್ತಾರೆ. ಖಾಸಗಿಯವರ ಜಮೀನನ್ನು ಪ್ಲಾನಿನಲ್ಲಿ ಪಾರ್ಕ್ ಅಂತ ಗುರುತಿಸಿ, 5 ವರ್ಷದೊಳಗೆ ಸ್ವಾಧೀನಕ್ಕೆ ತೆಗೆದುಕೊಳ್ಳದೆ, ಅದರ ಪ್ರಕ್ರಿಯೆಯನ್ನೂ ಶುರು ಮಾಡದೆ ಬಿಟ್ಟರೆ ಆ ಗುರುತು ಬಿದ್ದುಹೋಗುತ್ತದೆ. ಅದೇ ಕಾಯ್ದೆಯ ಕಲಂ 69ರಲ್ಲಿ ಇದೆ. ಹಾಗಾಗಿ ಬಣ್ಣ ನೋಡಿ ಹಣ ಕೊಡಬೇಡಿ. ಆ ಜಮೀನು ಈಗ ಯಾರ ಹೆಸರಲ್ಲಿದೆ ಅಂತ ಪಹಣಿ ತೆಗೆದು ನೋಡಿ.

ನೀವು ಈಗಲೇ ಮಾಡಬಹುದಾದ ಕೆಲಸ ಇಷ್ಟು. ಮೊದಲು ನಿಮ್ಮ ಬಡಾವಣೆಯ ಸುತ್ತ ಇರುವ ಸರ್ವೆ ನಂಬರುಗಳನ್ನು ಗುರುತು ಮಾಡಿಕೊಳ್ಳಿ. ಕಷ್ಟ ಏನಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆಪ್ ಹಾಕಿಕೊಂಡು ಅಲ್ಲಿ ನಿಂತರೆ ಆ ಜಾಗದ ಸರ್ವೆ ನಂಬರು, ಗ್ರಾಮ, ಹೋಬಳಿ ತೋರಿಸುತ್ತದೆ. ಬರೆದು ಎಲ್ಲರ ಮನೆಗೂ ಒಂದೊಂದು ಪ್ರತಿ ಕೊಡಿ. ನಾವು ಈಗ ಹಾಗೇ ಮಾಡಿದ್ದೇವೆ. ಪತ್ರಿಕೆಯ ಸಾರ್ವಜನಿಕ ಪ್ರಕಟಣೆಗಳನ್ನು ಸರದಿ ಪ್ರಕಾರ ಒಬ್ಬೊಬ್ಬರು ನೋಡುತ್ತೇವೆ. ಆ ಪಟ್ಟಿಯ ನಂಬರು ಕಂಡರೆ ತಕ್ಷಣ ಗ್ರೂಪಿಗೆ ಫೋಟೋ ಬರುತ್ತದೆ. ಅಕ್ಕಪಕ್ಕದ ಜಮೀನುಗಳ ಬಗ್ಗೆ ಭೂ ಉಪಯೋಗ ಬದಲಾವಣೆಗೆ ಅರ್ಜಿ ಬಂದಿದೆಯೇ ಅಂತ ಮಾಹಿತಿ ಹಕ್ಕಿನಲ್ಲಿ ಆಗಾಗ ಕೇಳುತ್ತಿರಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಅಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದುಹೋಗಬಹುದು, ಆದ್ದರಿಂದ ಇದನ್ನೊಂದೇ ನೆಚ್ಚಿಕೊಳ್ಳಬೇಡಿ.

ನಿಮ್ಮ ಊರಿನ ಮಾಸ್ಟರ್ ಪ್ಲಾನ್ ಪರಿಷ್ಕರಣೆಯ ಕರಡು ಪ್ರಕಟವಾದರೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಆಗ ಸುಮ್ನೆ ಕೂರಬೇಡಿ. ನಕ್ಷೆಯಲ್ಲಿ ನಿಮ್ಮ ರಸ್ತೆ ಹುಡುಕಿ, ಸುತ್ತಲಿನ ಬಣ್ಣ ನೋಡಿ, ಹಳೆಯ ನಕ್ಷೆಯ ಜೊತೆ ಹೋಲಿಸಿ.

ಆಕ್ಷೇಪಣೆ ಬರೆಯುವಾಗ 'ನಮಗೆ ತೊಂದರೆ ಆಗುತ್ತದೆ' ಅಂತ ಮಾತ್ರ ಬರೆದರೆ ಸಾಲದು. ಸರ್ವೆ ನಂಬರು ಬರೆಯಿರಿ. ರಸ್ತೆಯ ನಿಜವಾದ ಅಗಲ ಅಳೆದು ಬರೆಯಿರಿ. ಮನೆಗಳು ಕಾಣುವ ಹಾಗೆ ಫೋಟೋ ತೆಗೆದು ಲಗತ್ತಿಸಿ. ನಿಮ್ಮ ಅನುಮೋದಿತ ಲೇಔಟ್ ನಕ್ಷೆಯ ಪ್ರತಿ ಹಾಕಿ. ಈ ಬದಲಾವಣೆಯಲ್ಲಿ ಸಾರ್ವಜನಿಕ ಹಿತ ಏನಿದೆ ಅಂತ ನೇರವಾಗಿ ಕೇಳಿ. ಒಂದೇ ಅರ್ಜಿಗೆ ಎಲ್ಲರೂ ಸಹಿ ಹಾಕುವ ಬದಲು ಪ್ರತಿ ಮನೆಯಿಂದ ಒಂದೊಂದು ಕೊಡುವುದು ಒಳ್ಳೆಯದು ಅಂತ ನಮ್ಮ ವಕೀಲರ ಸಲಹೆ. ಒಂದು ಪ್ರತಿ ಪ್ರಾಧಿಕಾರಕ್ಕೆ, ಇನ್ನೊಂದು ಸ್ಪೀಡ್ ಪೋಸ್ಟಿನಲ್ಲಿ ನಗರಾಭಿವೃದ್ಧಿ ಇಲಾಖೆಗೆ. ಕೈಯಲ್ಲಿ ಕೊಟ್ಟ ಪ್ರತಿಗೆ ಸ್ವೀಕೃತಿ ಸೀಲು, ತಾರೀಕು, ಸಹಿ ಮೂರನ್ನೂ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಆ ಸೀಲು ನಿಮ್ಮ ಹತ್ತಿರ ಇದ್ದರೆ 'ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ' ಅಂತ ಯಾರೂ ಬರೆಯಲು ಆಗುವುದಿಲ್ಲ.