ಎಚ್ಚರಿಕೆ: ಗಿಡ್ಡ ಬಂಕ್ ಹಲಗೆಗಳ ಟ್ರೈಲರ್ ನಮ್ಮ ದೋಣಿಯ ತಳವನ್ನೇ ಕೆಡಿಸಿತು

ಫೈಬರ್ ಮೋಟಾರ್ ದೋಣಿ ಇರುವವರು, ಕೊಳ್ಳಬೇಕೆಂದಿರುವವರು, ಟ್ರೈಲರ್‌ಗೆ ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ದೋಣಿಯ ಟ್ರೈಲರ್ ಎಂದರೆ ಕೆರೆಯವರೆಗೆ ಎಳೆದುಕೊಂಡು ಹೋಗುವ ಗಾಡಿ, ಚಾಸಿ ಗಟ್ಟಿಯಾಗಿದ್ದರೆ ಸಾಕು ಎಂದು ತುಮಕೂರಿನ ಸುತ್ತಮುತ್ತ ಧೈರ್ಯವಾಗಿ ಹೇಳುವವರಿದ್ದಾರೆ. ಹಾಗೆ ಹೇಳಿದವರೇ ಮಾಡಿಕೊಟ್ಟ ಟ್ರೈಲರ್ ಮೇಲೆ ನಿಂತಲ್ಲೇ ನಮ್ಮ ದೋಣಿ ಹಾಳಾಯಿತು. ನೀರಿನಲ್ಲಿ ಅದಕ್ಕೆ ಒಂದು ಪೆಟ್ಟೂ ಬಿದ್ದಿರಲಿಲ್ಲ.

2022ರ ಮಳೆಗೆ ಜಿಲ್ಲೆಯ ಕೆರೆಗಳು ತುಂಬಿ ಕೋಡಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಹುಲ್ಲು ಬೆಳೆದಿದ್ದ ಕೆರೆಯಂಗಳಗಳಲ್ಲಿ ಆಳೆತ್ತರ ನೀರು ನಿಂತಿತು. ಈಜು ಬಾರದ ಹುಡುಗರು ನೀರಿಗಿಳಿಯುವುದನ್ನು ಕಂಡು ಕೈಕಟ್ಟಿ ಕೂರಲಾಗದೆ ನಮ್ಮ ಗೆಳೆಯರ ಬಳಗ ದುಡ್ಡು ಕೂಡಿಸಿ ಕರಾವಳಿಯಿಂದ 16 ಅಡಿಯ ಹಳೆಯ ದೋಣಿಯೊಂದನ್ನು ತಂದಿತು. ಗಣೇಶ ವಿಸರ್ಜನೆಯ ಹೊತ್ತಿಗೆ, ಮಳೆಗಾಲದಲ್ಲಿ ನೆರವಿಗೆ ನಿಲ್ಲಬೇಕು ಎನ್ನುವುದಷ್ಟೇ ಉದ್ದೇಶ. ದೋಣಿ ಲಾರಿಯಲ್ಲಿ ಬಂತು, ಟ್ರೈಲರ್ ಇಲ್ಲಿಯೇ ಮಾಡಿಸಬೇಕಾಯಿತು. ಟ್ರ್ಯಾಕ್ಟರ್‌ಗಳಿಗೆ ಟ್ರೈಲರ್ ಕಟ್ಟುವ ಒಂದು ವರ್ಕ್‌ಶಾಪ್‌ನವರು ದೋಣಿಗೂ ಮಾಡಿ ಅನುಭವವಿದೆ ಎಂದು ಕೆಲಸ ಒಪ್ಪಿಕೊಂಡರು.

ದೋಣಿಯ ತಳ ಕೂರುವ ಉದ್ದನೆಯ ಹಲಗೆಗಳಿಗೆ ಬಂಕ್ ಎನ್ನುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಇರುತ್ತವೆ. ಅವರು ಕೂರಿಸಿದ ಬಂಕ್‌ಗಳು ದೋಣಿಯ ಹಿಂಬದಿಗೆ ಸುಮಾರು ಎರಡು ಅಡಿ ಮೊದಲೇ ಮುಗಿದಿದ್ದವು. ಹಿಂದಿನವರೆಗೂ ಹಲಗೆ ಬೇಡವೇ ಎಂದು ಗಾಡಿ ಬಿಡಿಸಿಕೊಳ್ಳುವ ದಿನವೇ ಕೇಳಿದೆವು. "ಎಂಜಿನ್ ಕೆಳಗೆ ಇಳಿಸಲು ಜಾಗ ಬೇಡವೇ ಸಾರ್? ಹಲಗೆ ಅಡ್ಡ ಬರುತ್ತದೆ. ಎಲ್ಲ ದೋಣಿಗೂ ಇದೇ ಅಳತೆ" ಎಂಬ ಉತ್ತರ ಬಂತು. ಇದು ಶುದ್ಧ ಸುಳ್ಳು. ಎಂಜಿನ್ ನೇತಾಡುವುದು ಟ್ರಾನ್ಸಂ ಎಂಬ ಹಿಂಬದಿಯ ಅಡ್ಡಗೋಡೆಯ ಹೊರಗೆ. ಬಂಕ್ ಆ ಗೋಡೆಯ ಸಮಕ್ಕೆ ಬಂದು ನಿಂತರೆ ಎಂಜಿನ್‌ಗೆ ಯಾವ ಅಡ್ಡಿಯೂ ಇಲ್ಲ.

ನೀರಿನಲ್ಲಿರುವಾಗ ದೋಣಿಯ ತಳವನ್ನು ನೀರು ಎಲ್ಲ ಕಡೆಯಿಂದಲೂ ಹಂಚಿಕೊಂಡು ಹೊರುತ್ತದೆ. ಟ್ರೈಲರ್ ಮೇಲೆ ಅದೇ ಭಾರವೆಲ್ಲ ಕೆಲವು ಅಂಗುಲ ಅಗಲದ ಹಲಗೆಗಳ ಮೇಲೆ ಬೀಳುತ್ತದೆ. ದೋಣಿಯಲ್ಲಿ ಅತಿ ಹೆಚ್ಚು ತೂಕ ಇರುವುದು ಹಿಂದೆ. ಎಂಜಿನ್ ಅಲ್ಲಿ, ಬ್ಯಾಟರಿ ಅಲ್ಲಿ, ಎಷ್ಟೋ ದೋಣಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕೂಡ ಅಲ್ಲೇ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋದಷ್ಟು ತೂಗುತ್ತದೆ ಎಂದರೆ ತುಂಬಿದ ಟ್ಯಾಂಕಿನ ಭಾರ ಲೆಕ್ಕ ಹಾಕಿ. ಬಂಕ್ ಇಲ್ಲದ ಎರಡು ಅಡಿಯ ಮೇಲೆ ಇಷ್ಟನ್ನೂ ಹೊರಿಸುವುದು ಮನೆಯ ಸಜ್ಜೆಯ ತುದಿಯಲ್ಲಿ ತುಂಬಿದ ನೀರಿನ ಡ್ರಮ್ ಇಟ್ಟ ಹಾಗೆ. ಸಾಲದ್ದಕ್ಕೆ ವರ್ಕ್‌ಶಾಪ್‌ನವರು ಹಿಂಬದಿಯನ್ನು ಬೆಲ್ಟ್ ಹಾಕಿ ಚಾಸಿಗೆ ಬಿಗಿಯಲು ಹೇಳಿದ್ದರು. ಬೆಲ್ಟ್ ಕಟ್ಟಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಕೆಳಗೆ ಆಸರೆ ಇಲ್ಲದ ಕಡೆ ಬೆಲ್ಟ್ ಬಿಗಿದಷ್ಟೂ ತಳವನ್ನು ಇನ್ನಷ್ಟು ಕೆಳಕ್ಕೆ ಜಗ್ಗುತ್ತದೆ. ಹಳ್ಳಿ ರಸ್ತೆಯ ಪ್ರತಿ ಹಂಪ್‌ನಲ್ಲೂ ಆ ಜಾಗಕ್ಕೇ ಏಟು.

ಹಾನಿ ಒಂದೇ ದಿನದಲ್ಲಿ ಕಾಣುವುದಿಲ್ಲ, ಅದೇ ಇದರ ಕೇಡು. ಬೇಸಿಗೆಯೆಲ್ಲ ದೋಣಿ ಶೆಡ್ಡಿನಲ್ಲಿ ಟ್ರೈಲರ್ ಮೇಲೆಯೇ ನಿಂತಿತ್ತು. ಮಳೆಗಾಲಕ್ಕೆ ನೀರಿಗಿಳಿಸಿದಾಗ ದೋಣಿ ಬೇರೆಯೇ ಆಗಿತ್ತು. ಎಂಜಿನ್ ಜೋರು ಮಾಡಿದರೆ ಮೂತಿ ಎತ್ತಿ ನೀರಿನ ಮೇಲೆ ಹಾರಬೇಕಾದ ದೋಣಿ ಮೂತಿ ತಗ್ಗಿಸಿ ನೀರನ್ನು ಉಳುತ್ತಿತ್ತು. ವೇಗ ಬರಲೇ ಇಲ್ಲ. ತಿರುಗಿಸುವಾಗ ಮುಂಭಾಗ ನೀರಿಗೆ ಕಚ್ಚಿಕೊಂಡು ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿತ್ತು. ಲೈಫ್ ಜಾಕೆಟ್ ತೊಟ್ಟ ಹುಡುಗರು ಒಳಗೆ ಕುಳಿತಿದ್ದಾಗ ದೋಣಿ ಹೀಗೆ ಪಕ್ಕಕ್ಕೆ ಸೆಳೆದದ್ದನ್ನು ನೆನೆದರೆ ಈಗಲೂ ಎದೆ ಹಾರುತ್ತದೆ. ಜೀವ ಉಳಿಸಲೆಂದು ತಂದ ದೋಣಿ ಅದು.

ಎಲ್ಲರೂ ದೂರಿದ್ದು ಎಂಜಿನ್ನನ್ನು. ಒಬ್ಬ ಮೆಕ್ಯಾನಿಕ್ ಪ್ರೊಪೆಲರ್ ಬದಲಿಸಿದರು, ಇನ್ನೊಬ್ಬರು ಕಾರ್ಬ್ಯುರೇಟರ್ ಬಿಚ್ಚಿದರು, ಎಂಜಿನ್ನಿನ ಓರೆಯನ್ನು ಹೆಚ್ಚು ಕಡಿಮೆ ಮಾಡಿ ನೋಡಿದರು. ದುಡ್ಡು ಹೋಯಿತು, ದೋಣಿ ಮೂತಿ ಎತ್ತಲಿಲ್ಲ.

ಕೊನೆಗೆ ಮಲ್ಪೆಯ ಕಡೆ ಫೈಬರ್ ದೋಣಿಗಳ ರಿಪೇರಿ ಮಾಡಿ ಪಳಗಿದ ಹಿರಿಯರೊಬ್ಬರು ಬಂದರು. ಅವರು ಎಂಜಿನ್ನಿನ ಹತ್ತಿರವೂ ಹೋಗಲಿಲ್ಲ. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡುವ ಅಲ್ಯೂಮಿನಿಯಂ ಪಟ್ಟಿ ತರಿಸಿ, ಟ್ರೈಲರ್ ಕೆಳಗೆ ಅಂಗಾತ ಮಲಗಿ, ಅದನ್ನು ತಳಕ್ಕೆ ಉದ್ದುದ್ದಕ್ಕೆ ಒತ್ತಿ ಹಿಡಿದರು. ಪಟ್ಟಿಯ ಒಂದು ತುದಿ ಟ್ರಾನ್ಸಂ ಹತ್ತಿರ ತಾಗಿತು, ಇನ್ನೊಂದು ತುದಿ ಮುಂದೆ ತಾಗಿತು. ನಡುವೆ, ಸರಿಯಾಗಿ ಬಂಕ್ ಮುಗಿದ ಜಾಗದಲ್ಲಿ, ಪಟ್ಟಿಗೂ ತಳಕ್ಕೂ ಮಧ್ಯೆ ಬೆಳಕು ಕಾಣುತ್ತಿತ್ತು. ಅವರು ಕಿರುಬೆರಳನ್ನು ಆ ಸಂದಿಗೆ ತೂರಿಸಿ ತೋರಿಸಿದರು. ಬಂಕ್‌ನ ತುದಿ ಕೂತಿದ್ದ ಕಡೆ ಜೆಲ್‌ಕೋಟ್ ಎಂಬ ಹೊರಗಿನ ನುಣುಪು ಪದರದ ಮೇಲೆ ಜೇಡರ ಬಲೆಯಂತಹ ಸಣ್ಣ ಬಿರುಕುಗಳು. "ನೋಡಿ ಮಾರಾಯರೇ, ನಿಮ್ಮ ದೋಣಿಗೆ ಹುಕ್ ಬಂದಿದೆ. ಎಂಜಿನ್ ಏನು ಮಾಡೀತು?" ಎಂದರು.

ನೇರವಾಗಿರಬೇಕಾದ ತಳ ಟ್ರಾನ್ಸಂಗೆ ಸ್ವಲ್ಪ ಮುಂದೆ ಒಳಕ್ಕೆ ತಗ್ಗಿ, ಹಿಂದಿನ ಅಂಚು ಕೆಳಕ್ಕೆ ಬಾಗುವುದೇ ಹುಕ್. ವೇಗದಲ್ಲಿ ಓಡುವ ನೀರು ಆ ಬಾಗಿದ ಅಂಚಿಗೆ ಬಡಿದು ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಮೂತಿ ತಾನಾಗಿ ಕೆಳಗೆ ಹೋಗುತ್ತದೆ. ತಗ್ಗು ಸ್ವಲ್ಪವೇ ಇದ್ದರೂ ದೋಣಿಯ ನಡೆ ಬದಲಾಗುತ್ತದೆ. ಕೆಟ್ಟ ಜಾಗವನ್ನು ಉಜ್ಜಿ, ಫೈಬರ್ ಮ್ಯಾಟ್ ಮತ್ತು ರಾಳ ಹಾಕಿ ಪದರ ಪದರವಾಗಿ ಮಟ್ಟ ಮಾಡಬೇಕು. ಅದಕ್ಕೂ ಮೊದಲು ಆಸರೆ ಸರಿಯಾಗಬೇಕು, ಇಲ್ಲದಿದ್ದರೆ ಅದೇ ರೋಗ ಮರುಕಳಿಸುತ್ತದೆ.

ವರ್ಕ್‌ಶಾಪ್‌ನವರನ್ನು ಕೇಳಿದಾಗ ಚಾಸಿ ಮುರಿದಿದ್ದರೆ ಹೇಳಿ, ದೋಣಿಗೆ ನಾವು ಜವಾಬ್ದಾರರಲ್ಲ ಎಂದು ಕೈತೊಳೆದುಕೊಂಡರು. ಬಂಕ್‌ಗೆ ಹಾಕಿದ್ದ ಮರವೂ ಎಳೆಯ ನೀಲಗಿರಿ. ಬಿಸಿಲು ಮಳೆಗೆ ಅದು ತಿರುಚಿ, ಒಂದು ಅಂಚು ಎದ್ದು, ತಳವನ್ನು ಚೂಪಾಗಿ ಒತ್ತುತ್ತಿತ್ತು. ಬೋಲ್ಟಿನ ತಲೆಗಳನ್ನು ಮರದೊಳಕ್ಕೆ ಇಳಿಸಿರಲಿಲ್ಲ. ಮೇಲೆ ಹೊದಿಸಿದ್ದ ಕಾರ್ಪೆಟ್ ಸವೆದ ಕೂಡಲೇ ಅವು ಜೆಲ್‌ಕೋಟನ್ನು ಕೆರೆದಿದ್ದವು.

ಆದ್ದರಿಂದ ಕೇಳಿ. ದೋಣಿ ಎದುರಿಗಿಲ್ಲದೆ ಯಾರಿಗೂ ಬಂಕ್ ಅಳತೆ ಕೊಡಬೇಡಿ. ಉದ್ದದ ವಿಷಯದಲ್ಲಿ ಚೌಕಾಸಿಯೇ ಬೇಡ: ಬಂಕ್ ಟ್ರಾನ್ಸಂನ ಸಮಕ್ಕೆ ಬರಲೇಬೇಕು, ಒಂದೆರಡು ಅಂಗುಲ ಹೊರಗೆ ಬಂದರೂ ಚಿಂತೆಯಿಲ್ಲ, ಒಳಗೆ ಮಾತ್ರ ನಿಲ್ಲಬಾರದು. ಅಡ್ಡಕ್ಕೆ ಎಲ್ಲಿ ಕೂರಿಸಬೇಕು ಎನ್ನುವುದನ್ನು ದೋಣಿಯ ಒಳಗಿನ ಸ್ಟ್ರಿಂಗರ್‌ಗಳು ಹೇಳುತ್ತವೆ. ಇವು ತಳಕ್ಕೆ ಅಂಟಿಕೊಂಡು ಉದ್ದಕ್ಕೆ ಹೋಗುವ ತೊಲೆಗಳು. ಟ್ರಾನ್ಸಂನ ನಡುಗೆರೆಯಿಂದ ಅವು ಎಷ್ಟು ದೂರ ಇವೆ ಎಂದು ಒಳಗೆ ಟೇಪು ಹಿಡಿದು ಅಳೆದು, ಹೊರಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಳಗೆ ಕೈ ಹೋಗದಿದ್ದರೆ ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ತೊಲೆ ಇರುವಲ್ಲಿ ಸದ್ದು ಗಟ್ಟಿ, ಇಲ್ಲದಲ್ಲಿ ಪೊಳ್ಳು. ಬಂಕ್ ಆ ಗೆರೆಯ ಕೆಳಗೆ ಬರಬೇಕು, ಆದರೆ ತಳದ ಹೊರಗೆ ಉದ್ದಕ್ಕೆ ಉಬ್ಬಿರುವ ಏಣುಗಳ ಮೇಲೆ ಕೂರಬಾರದು. ಹಲಗೆಯ ಅಗಲ ಮುಖ ತಳದ ಓರೆಗೆ ಒಗ್ಗಿ ಪೂರ್ತಿ ತಾಗಬೇಕು. ದೋಣಿ ಕೂತ ಮೇಲೆ ದಿನಪತ್ರಿಕೆಯ ಒಂದು ಚೂರನ್ನು ಬಂಕ್‌ನ ಉದ್ದಕ್ಕೂ ಸಂದಿಗೆ ತೂರಿಸಿ ನೋಡಿ. ಸಲೀಸಾಗಿ ಒಳಹೋಗುವ ಕಡೆ ಆಸರೆ ಇಲ್ಲ.

ಕೆಲವೊಮ್ಮೆ ಬಂಕ್ ಸಾಕಷ್ಟು ಉದ್ದ ಇದ್ದರೂ ದೋಣಿಯ ಮೂತಿಯನ್ನು ಎಳೆದು ಕಟ್ಟುವ ಮುಂದಿನ ವಿಂಚ್ ಕಂಬ ತೀರಾ ಹಿಂದಿದ್ದು ದೋಣಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಆಗ ಕಂಬವನ್ನು ಮುಂದಕ್ಕೆ ಸರಿಸಬೇಕು. ಹಾಗೆ ಮಾಡಿದರೆ ಎಳೆಯುವ ಗಾಡಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಮೇಲಿನ ಭಾರ ಬದಲಾಗುತ್ತದೆ. ಅದು ಒಟ್ಟು ತೂಕದ ಶೇ. 5ರಿಂದ 10ರೊಳಗೆ ಇರಬೇಕು, ಅಂದರೆ 800 ಕಿಲೋ ಎಳೆಯುತ್ತಿದ್ದರೆ 40ರಿಂದ 80 ಕಿಲೋ. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಬೀಸತೊಡಗುತ್ತದೆ. ಮೂಟೆ ತೂಗುವ ತಕ್ಕಡಿಯ ಮೇಲೆ ಕೊಂಡಿಯನ್ನು ಅದು ಎಳೆಯುವಾಗಿರುವಷ್ಟೇ ಎತ್ತರದಲ್ಲಿ ಕೂರಿಸಿದರೆ ಗೊತ್ತಾಗುತ್ತದೆ. ಭಾರ ಹೆಚ್ಚು ಕಡಿಮೆ ಇದ್ದರೆ ಚಕ್ರಗಳ ಅಚ್ಚನ್ನು ಸರಿಸಿ, ದೋಣಿಯನ್ನು ಹಿಂದಕ್ಕೆ ತಳ್ಳಬೇಡಿ.

ದೋಣಿಯನ್ನು ಬಹಳ ದಿನ ನಿಲ್ಲಿಸುವಾಗ ಮೂತಿಯನ್ನು ಎತ್ತರಿಸಿ ಹಿಂದಿನ ನೀರು ಬಿಡುವ ಬಿರಡೆಯನ್ನು ತೆಗೆದಿಡಿ. ಹತ್ತು ಚದರ ಮೀಟರ್ ವಿಸ್ತೀರ್ಣದ ದೋಣಿಯಲ್ಲಿ 50 ಮಿಲಿಮೀಟರ್ ಮಳೆ ನಿಂತರೆ 500 ಲೀಟರ್, ಅಂದರೆ ಅರ್ಧ ಟನ್. ಅದೆಲ್ಲ ಹೋಗಿ ಸೇರುವುದು ಅದೇ ಹಿಂಭಾಗಕ್ಕೆ.

ನಮ್ಮ ದೋಣಿಯ ತಳದ ಕೆಲಸ ನಡೆದಿದೆ. ಹೊಸ ಬಂಕ್‌ಗಳನ್ನು ಹೊನ್ನೆ ಮರದಲ್ಲಿ ಮಾಡಿಸಿದ್ದೇವೆ. ಅವುಗಳ ಅಳತೆ, ಸ್ಟ್ರಿಂಗರ್ ಗೆರೆ, ಬೋಲ್ಟಿನ ಜಾಗ ಎಲ್ಲವನ್ನೂ ಹಾಳೆಯ ಮೇಲೆ ಬರೆದಿಟ್ಟಿದ್ದೇವೆ. ನಿಮ್ಮ ದೋಣಿಯ ಅಳತೆ ಬೇರೆಯೇ ಇರುತ್ತದೆ, ಆದರೆ ಅಳೆಯುವ ಕ್ರಮ ಅದೇ. ಟ್ರೈಲರ್ ಮಾಡಿಸುವವರು ಯಾರೇ ಇರಲಿ ಕೇಳಿ, ಹಾಳೆಯ ಫೋಟೊ ಕಳುಹಿಸುತ್ತೇವೆ. ಈಗಾಗಲೇ ಮಾಡಿಸಿ ಶೆಡ್ಡಿನಲ್ಲಿ ನಿಲ್ಲಿಸಿರುವವರು ಇವತ್ತೇ ಹೋಗಿ ಹಿಂಬದಿಯಲ್ಲಿ ಬಗ್ಗಿ ನೋಡಿ. ಹಲಗೆ ಟ್ರಾನ್ಸಂಗೆ ಮುಟ್ಟದಿದ್ದರೆ ಸದ್ಯಕ್ಕೆ ಅಗಲವಾದ ಮರದ ದಿಮ್ಮಿ ಮತ್ತು ಜಾಕಿ ಕೊಟ್ಟು ಸ್ಟ್ರಿಂಗರ್‌ಗಳ ಕೆಳಗೆ ಆಸರೆ ಮಾಡಿ, ಆಮೇಲೆ ವರ್ಕ್‌ಶಾಪ್‌ಗೆ ಫೋನ್ ಮಾಡಿ.