ಪುಣೆಯಲ್ಲಿ ಮನೆ ತೆರವು: ಪ್ರಾಧಿಕಾರಿಯೋ, ದಾವೆಯೋ, ರಾಜಿಯೋ?

ಪುಣೆಯ ಕೊಥ್ರುಡ್‌ನ ನಮ್ಮ ಫ್ಲ್ಯಾಟನ್ನು ಲೀವ್ ಅಂಡ್ ಲೈಸೆನ್ಸ್ ಕರಾರಿನ (ಬಾಡಿಗೆದಾರನ ಹಕ್ಕು ಕೊಡದೆ, ಶುಲ್ಕ ಪಡೆದು ನಿಗದಿತ ಅವಧಿಗೆ ಇರಲು ಬಿಡುವ ಕರಾರು) ಮೇಲೆ ಕೊಟ್ಟಿದ್ದೆವು. ಸದಾಶಿವ ಪೇಠೆಯ ಎರಡು ಕೋಣೆಗಳಲ್ಲಿ ತಂದೆಯ ಕಾಲದಿಂದ ಬಂದ ಬಾಡಿಗೆದಾರರಿದ್ದರು. ಎರಡನ್ನೂ ತೆರವು ಮಾಡಿಸಬೇಕಾಗಿ ಬಂದಾಗ ನಡೆದ ದಾರಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತಿದ್ದವು. ಇಲ್ಲಿನ ಕನ್ನಡ ಬಳಗದಲ್ಲಿ ಮನೆ ಮಾಲೀಕರು ಕೋರ್ಟಿನ ಹೆಸರೆತ್ತಿದರೆ ಸಾಕು, ಕೈಚೆಲ್ಲುತ್ತಾರೆ. ಕೈಯಲ್ಲಿರುವ ಕಾಗದ ಯಾವುದು ಎಂಬುದನ್ನು ಮೊದಲು ನೋಡಿ ಎಂದು ಅವರಿಗೆ ಹೇಳಬೇಕೆನಿಸುತ್ತದೆ.

ನೋಂದಾಯಿತ ಲೈಸೆನ್ಸ್ ಕರಾರು ಇದ್ದು, ಮನೆ ವಾಸಕ್ಕೆ ಕೊಟ್ಟದ್ದಾದರೆ, 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಂ ಮಾಲೀಕನ ಪರವಾಗಿದೆ. ಅವಧಿ ಮುಗಿದರೂ ಬಿಡದಿದ್ದರೆ ಅರ್ಜಿ ಹಾಕುವುದು ಸಕ್ಷಮ ಪ್ರಾಧಿಕಾರಿಯ, ಅಂದರೆ ಇಂಥ ಅರ್ಜಿಗಳಿಗಾಗಿ ಸರ್ಕಾರ ನೇಮಿಸಿದ ಅಧಿಕಾರಿಯ ಮುಂದೆ. ಎದುರಿನವರು ಸಮನ್ಸ್ ಮುಟ್ಟಿದ 30 ದಿನಗಳೊಳಗೆ ಪ್ರಮಾಣಪತ್ರ ಸಲ್ಲಿಸಿ, ವಾದಿಸಲು ಅನುಮತಿ ಕೇಳಬೇಕು. ಕೇಳದಿದ್ದರೆ ಅರ್ಜಿಯಲ್ಲಿರುವುದನ್ನು ಒಪ್ಪಿದಂತೆಯೇ. ಆದೇಶದ ಮೇಲೆ ಮೇಲ್ಮನವಿ ಇಲ್ಲ, ಪುನರೀಕ್ಷಣೆ (ಆದೇಶ ಕಾನೂನಿನಂತಿದೆಯೇ ಎಂಬ ಪರಿಶೀಲನೆ) ಮಾತ್ರ ಉಂಟು. ಅದಕ್ಕಿಂತ ಹರಿತವಾದದ್ದು ಅವಧಿ ಮೀರಿದ ಮೇಲೆ ಕಟ್ಟಬೇಕಾದ ಎರಡು ಪಟ್ಟು ಲೈಸೆನ್ಸ್ ಶುಲ್ಕ. ಕೊಥ್ರುಡ್‌ನವರ ವಕೀಲರು ಮಾತುಕತೆಗೆ ಕರೆದದ್ದು ನಮ್ಮ ನೋಟಿಸಿನ ಆ ಸಾಲನ್ನು ಓದಿದ ಮೇಲೆಯೇ. ಕರಾರು ನೋಂದಾಯಿಸುವ ಹೊಣೆ 55ನೇ ಕಲಂ ಪ್ರಕಾರ ಮಾಲೀಕನದೇ. ಲಿಖಿತ, ನೋಂದಾಯಿತ ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಅದು ಸುಳ್ಳೆಂದು ಸಾಬೀತಾಗುವವರೆಗೆ.

ಸದಾಶಿವ ಪೇಠೆಗೆ ಈ ಬಾಗಿಲು ತೆರೆಯಲಿಲ್ಲ. ಹಳೆಯ ಬಾಡಿಗೆ ಎಂದರೆ ಶಿವಾಜಿನಗರದಲ್ಲಿ ಲಘು ವ್ಯಾಜ್ಯಗಳ ನ್ಯಾಯಾಲಯದ ದಾವೆ. ತೆರವಿನ ಕಾರಣವಾಗಿ ಬಾಡಿಗೆ ಬಾಕಿಯನ್ನೇ ನೆಚ್ಚಿಕೊಳ್ಳಬೇಡಿ. ನೋಟಿಸು ಕೊಟ್ಟು 90 ದಿನ ಕಾಯಬೇಕು. ದಾವೆ ಹೂಡಿದ ಮೇಲೂ ಸಮನ್ಸ್ ತಲುಪಿದ 90 ದಿನಗಳಲ್ಲಿ ಬಾಡಿಗೆದಾರ ಶೇಕಡಾ 15ರ ಬಡ್ಡಿ ಸೇರಿಸಿ ಬಾಕಿಯನ್ನು ಕೋರ್ಟಿಗೆ ಕಟ್ಟಿದರೆ ಮನೆ ಅವನ ಬಳಿಯೇ ಉಳಿಯುತ್ತದೆ. ಉಳಿದದ್ದು ಅದೇ ಕಾಯ್ದೆಯ 16ನೇ ಕಲಮಿನಲ್ಲಿರುವ ತೆರವಿನ ಕಾರಣಗಳು. ನಮ್ಮದು ಸ್ವಂತ ವಾಸದ ನಿಜವಾದ ಅಗತ್ಯ. ಅಲ್ಲಿ ಕಷ್ಟ ಯಾರಿಗೆ ಹೆಚ್ಚು ಎಂದೂ ನ್ಯಾಯಾಲಯ ತೂಗಿ ನೋಡುತ್ತದೆ. ಎದುರಿಗಿದ್ದ ವೃದ್ಧ ದಂಪತಿಗೂ ಹೇಳಿಕೊಳ್ಳಲು ಕಷ್ಟವಿತ್ತು. ಆ ತಕ್ಕಡಿ ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ. ಆದರೆ ವಿಚಾರಣೆ ಮುಂದೂಡಿ ಮುದ್ದತಿನ ಮೇಲೆ ಮುದ್ದತು ಬೀಳುತ್ತಾ ಹೋದರೆ ಎರಡೂ ಮನೆಯವರು ಬಳಲುತ್ತಾರೆ.

ನೀರು, ವಿದ್ಯುತ್ ಕಡಿತಗೊಳಿಸಿ ಎಂಬ ಸಲಹೆ ಕೊಡುವವರು ಸಿಗುತ್ತಾರೆ. 29ನೇ ಕಲಂ ಅದನ್ನು ನಿಷೇಧಿಸಿದೆ. ನಿಷೇಧ ಇಲ್ಲದಿದ್ದರೂ ಅದು ಮಾಡುವ ಕೆಲಸವಲ್ಲ.

ಕೊನೆಗೆ ಎರಡು ಕಡೆಯೂ ರಾಜಿಯೇ ಆಯಿತು. ಮೂರನ್ನೂ ಕಂಡ ಮೇಲೆ ನನ್ನ ಆಯ್ಕೆಯೂ ಅದೇ. ಆದರೆ ರಾಜಿಯನ್ನು ಎಲ್ಲಿ ದಾಖಲಿಸುತ್ತೇವೆ ಎಂಬುದರಲ್ಲಿ ಅದರ ಬಲವಿದೆ. ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿಸಿಕೊಂಡರೆ, ಮಾತು ತಪ್ಪಿದ ದಿನ ಮತ್ತೆ ಮೊದಲಿನಿಂದ ದಾವೆ. ಬಾಕಿ ಇರುವ ದಾವೆಯಲ್ಲೇ ರಾಜಿಪತ್ರ ಸಲ್ಲಿಸಿದರೆ ಅದು ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನವೇ ಆಗುತ್ತದೆ, ನೇರವಾಗಿ ಜಾರಿ ಅರ್ಜಿ ಹಾಕಬಹುದು. ಲೋಕ ಅದಾಲತ್ ತೀರ್ಪಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಡಿಕ್ರಿಯ ಬಲವಿದೆ. ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ಮರಳಿ ಬರುತ್ತದೆ.

ಹಳೆಯ ಬಾಡಿಗೆಯ ರಾಜಿಯಲ್ಲಿ ಒಂದು ಸಾಲು ತಪ್ಪಬಾರದು. ಕಾಯ್ದೆಯಲ್ಲಿರುವ ತೆರವಿನ ಕಾರಣವನ್ನು ಬಾಡಿಗೆದಾರ ಒಪ್ಪಿಕೊಂಡಿದ್ದಾನೆ ಎಂಬ ಸಾಲು ಅದು. ಇಂಥ ಒಪ್ಪಿಗೆಯಿದ್ದರೆ ರಾಜಿ ಡಿಕ್ರಿ ನಿಲ್ಲುತ್ತದೆ ಎಂದು 1973ರಲ್ಲಿ ನಾಗಿನದಾಸ ರಾಮದಾಸ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ವಕೀಲರು ಆ ಸಾಲನ್ನು ಮರಾಠಿಯಲ್ಲಿ ಬರೆದು ಬಾಡಿಗೆದಾರ ಅಜ್ಜನಿಗೆ ಎರಡು ಸಲ ಓದಿ ಹೇಳಿದರು. ಬಾಕಿ ಬಾಡಿಗೆ ಬಿಟ್ಟುಕೊಟ್ಟೆವು, ಸಾಗಾಣಿಕೆಯ ಖರ್ಚು ಕೊಟ್ಟೆವು, ಮಳೆಗಾಲ ಮುಗಿಯುವವರೆಗೆ ಇರಲು ಒಪ್ಪಿದೆವು. ಬೀಗದ ಕೈ ಒಪ್ಪಿಸುವ ದಿನಾಂಕ, ಕೊನೆಯ ವಿದ್ಯುತ್ ಬಿಲ್ಲನ್ನು ಕಟ್ಟುವವರು ಯಾರು ಎಂಬುದು, ಅವರು ಹಾಕಿಸಿದ್ದ ಕಪಾಟು ಯಾರಿಗೆ ಸೇರಬೇಕೆಂಬುದು, ಎಲ್ಲವೂ ಆ ಪತ್ರದಲ್ಲೇ ಇತ್ತು.