ರೋಬೋಟ್ ಸರ್ಜರಿ ಆಗಿ ಮೂರು ವರ್ಷ: ಹೊಲಿಗೆ ಗಟ್ಟಿ, ಬಿಲ್ಲು ಇನ್ನೂ ಗಟ್ಟಿ

ಗರ್ಭಕೋಶ ತೆಗೆಸಿ 12 ವರ್ಷ ಆಗಿತ್ತು. ಇನ್ನು ಜಾರೋಕೆ ಏನಿದೆ ಅಂದುಕೊಂಡಿದ್ದೆ. ಆದರೆ ಕುಕ್ಕರಗಾಲಲ್ಲಿ ಕೂತರೆ ಕೆಳಗೆ ನಿಂಬೆಹಣ್ಣಿನಷ್ಟು ಉಬ್ಬು ಕೈಗೆ ಸಿಗುತ್ತಿತ್ತು. ಗರ್ಭಕೋಶ ಇಲ್ಲದಿದ್ದರೂ ಯೋನಿಯ ಮೇಲ್ತುದಿ ಸಡಿಲಾಗಿ ಇಳಿಯುತ್ತದಂತೆ. ಜಾರದಂತೆ ಒಳಗಿಂದ ತಡೆಯುವ ರಿಂಗ್ ಹಾಕಿ ನೋಡಿದರು, ನಿಲ್ಲಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ರೋಬೋಟ್ ಸರ್ಜರಿ ಮಾಡಿಸಿಕೊಂಡೆ.

"ಡಾಕ್ಟರು ಪಕ್ಕದಲ್ಲಿ ಇರ್ತಾರೋ ಇಲ್ವೋ?" ಅಂತ ನಮ್ಮತ್ತೆ ದಿನಾ ಕೇಳುತ್ತಿದ್ದರು. ಇರುತ್ತಾರೆ. ಅದೇ ಕೋಣೆಯಲ್ಲಿ ಕನ್ಸೋಲ್ ಮುಂದೆ ಕೂತು, ತ್ರೀಡಿ ಚಿತ್ರ ನೋಡುತ್ತಾ ಯಂತ್ರದ ತೋಳುಗಳನ್ನು ಬೆರಳಲ್ಲೇ ಆಡಿಸುತ್ತಾರೆ. ತಾನಾಗಿ ಅದು ಏನನ್ನೂ ಕೊಯ್ಯುವುದಿಲ್ಲ. ನನಗೆ ಬಳಸಿದ್ದು 'ಡಾ ವಿಂಚಿ' ಅನ್ನೋ ಹೆಸರಿನ ಯಂತ್ರ. ಬಲೆಯಂಥ, ವೈ ಆಕಾರದ ಮೆಶ್‌ನ ಎರಡು ಕವಲನ್ನು ಯೋನಿಯ ಮುಂದೆ, ಹಿಂದೆ ಹೊಲಿದು, ಬಾಲವನ್ನು ಸೊಂಟದ ಕೆಳಗಿನ ಮೂಳೆಗೆ ಕಟ್ಟಿದ್ದಾರೆ. ಅಷ್ಟು ಆಳದ ಇಕ್ಕಟ್ಟಿನಲ್ಲಿ ಹೊಲಿಯೋಕೆ ಮಣಿಕಟ್ಟಿನ ಹಾಗೆ ತಿರುಗುವ ಉಪಕರಣ ಬೇಕೇ ಬೇಕು ಎಂದರು.

ಬೇಕೇ ಬೇಕಾ? ಇಲ್ಲಿ ನನಗೆ ತಕರಾರಿದೆ. ಆಮೇಲೆ ಮಗಳು ಒಂದು ಅಧ್ಯಯನ ಹುಡುಕಿ ಓದಿ ಹೇಳಿದಳು. 2011ರಲ್ಲಿ ಅಮೆರಿಕದಲ್ಲಿ ಬಂದದ್ದು, ನನ್ನಂಥದ್ದೇ ಕೇಸುಗಳು. ಸಣ್ಣ ತೂತುಗಳಲ್ಲಿ ಉಪಕರಣ ತೂರಿಸಿ ಡಾಕ್ಟರು ಕೈಯಾರೆ ಮಾಡುವ ಮಾಮೂಲಿ ಲ್ಯಾಪರೋಸ್ಕೋಪಿಗಿಂತ ರೋಬೋಟ್‌ಗೆ ಸಮಯವೂ ಜಾಸ್ತಿ, ಖರ್ಚೂ ಜಾಸ್ತಿ. ಫಲಿತಾಂಶ ಹೆಚ್ಚುಕಮ್ಮಿ ಒಂದೇ. ಲ್ಯಾಪರೋಸ್ಕೋಪಿಯಲ್ಲೂ ಆಗುತ್ತದೆ ಅನ್ನೋ ಮಾತನ್ನೇ ನಮ್ಮ ಆಸ್ಪತ್ರೆಯಲ್ಲಿ ಯಾರೂ ಎತ್ತಲಿಲ್ಲ.

ಮೆಶ್ ಬಗ್ಗೆ ಹೆದರಿಕೆ ಇತ್ತು. 2019ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಕ ಎಫ್‌ಡಿಎ ಮಾರಾಟ ನಿಲ್ಲಿಸಿದ್ದು, ಜಾರಿದ್ದಕ್ಕೆ ಯೋನಿಯ ದಾರಿಯಿಂದ ಹಾಕುವ ಮೆಶ್ ಮಾತ್ರ. ನನ್ನದು ಹೊಟ್ಟೆಯ ಕಡೆಯಿಂದ ಹಾಕಿದ್ದು. ಆದರೂ ಸವೆದು ಹೊರಬರುವ ಸಾಧ್ಯತೆ ಇದೆ, ಅದಕ್ಕೇ ವರ್ಷಕ್ಕೊಮ್ಮೆ ತೋರಿಸುತ್ತೇನೆ.

ಚೇತರಿಕೆ ಸಲೀಸು. ಮೂರನೇ ದಿನ ಮನೆಗೆ ಬಂದೆ. ಹೊಟ್ಟೆ ಅಷ್ಟು ನೋಯಲಿಲ್ಲ, ನೋವೆಲ್ಲ ಭುಜದಲ್ಲಿ! ಹೊಟ್ಟೆ ಉಬ್ಬಿಸೋಕೆ ತುಂಬಿದ ಗ್ಯಾಸ್‌ನದ್ದಂತೆ. ತಲೆ ತಗ್ಗಿಸಿ ಮಲಗಿಸಿದ್ದರಿಂದ ಮುಖ ಊದಿ ಇಡ್ಲಿ ಆಗಿತ್ತು. ಆರು ವಾರ ಬಿಂದಿಗೆ ಎತ್ತಲಿಲ್ಲ.

ಯಾರೂ ಬಿಡಿಸಿ ಹೇಳದ ವಿಷಯ ಒಂದಿದೆ. ಮೊದಲು ಜಾರಿದ ಭಾಗವೇ ಮೂತ್ರದ ದಾರಿಯನ್ನು ಒತ್ತಿ ಹಿಡಿದಿತ್ತಂತೆ. ಅದನ್ನು ಮೇಲೆತ್ತಿ ಕಟ್ಟಿದ ಮೇಲೆ ಕೆಮ್ಮಿದರೆ ಸೋರತೊಡಗಿತು. ಸಹಿ ಹಾಕಿದ ಫಾರಂನಲ್ಲಿ ಒಂದು ಸಾಲು ಇತ್ತಂತೆ, ಇಂಗ್ಲಿಷಿನಲ್ಲಿ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮದಿಂದ ಮುಕ್ಕಾಲು ಪಾಲು ಕಡಿಮೆಯಾಗಿದೆ.

ದುಡ್ಡಿನ ಕಥೆ ಬೇರೆ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರ ನಿಯಮದಲ್ಲಿ ರೋಬೋಟ್ ಸರ್ಜರಿಯನ್ನು ಪಾಲಿಸಿಯಿಂದ ಹೊರಗಿಡಬಾರದು ಅಂದಿದೆ. ಆದರೆ ಕಂಪನಿಗಳು ಇಷ್ಟೇ ಕೊಡ್ತೀವಿ ಅಂತ ಮಿತಿ ಹಾಕಬಹುದು. ಆ ಮಿತಿ ನನಗೆ ಗೊತ್ತಾಗಿದ್ದು ಡಿಸ್ಚಾರ್ಜ್ ದಿನ. ಬಟ್ಟೆ ಮಡಚಿ ಬ್ಯಾಗ್ ತುಂಬಿ ಕೂತಿದ್ದೆವು, ಯಜಮಾನರು ಬಿಲ್ಲಿಂಗ್ ಕೌಂಟರ್‌ನಿಂದ ವಾಪಸ್ ಬಂದು ಮಾತಾಡದೆ ನೀರು ಕುಡಿದರು. ನೀವು ಅಡ್ಮಿಟ್ ಆಗುವ ಮೊದಲೇ ಮಿತಿ ಎಷ್ಟು ಅಂತ ಬರೆಸಿಕೊಳ್ಳಿ. ಈ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತ ಸರ್ಜನ್‌ರನ್ನೂ ನೇರವಾಗಿ ಕೇಳಿ.

ಈಗ ಉಬ್ಬಿಲ್ಲ, ಸೊಂಟದ ಎಳೆತ ಇಲ್ಲ. ನೆಲದ ಮೇಲೆ ಕೂತು ಹಪ್ಪಳ ಒತ್ತುತ್ತೇನೆ. ಒಗ್ಗರಣೆಗೆ ಒಣಮೆಣಸು ಹಾಕುವಾಗ ಮಾತ್ರ ಈಗಲೂ ಕಾಲು ಹೆಣೆದುಕೊಂಡೇ ನಿಲ್ಲುತ್ತೇನೆ.